ರಾಜಾನನ್ನು ಕೊಂದ ಒಂದು ಸಾಲು

ಫೋನು 'ಟಣ್' ಎಂದರೆ ಈಗಲೂ ನನ್ನ ಕೈ ಅರೆಕ್ಷಣ ನಿಂತುಬಿಡುತ್ತದೆ. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂಡಿಸುತ್ತಿರಲಿ, ಕೂದಲೆಳೆಯಷ್ಟು ಸಣ್ಣ ಸ್ಕ್ರೂ ಬಿಗಿಯುತ್ತಿರಲಿ, ಆ ಸದ್ದು ಕೇಳಿದರೆ ಬೆರಳು ತಡವರಿಸುತ್ತವೆ. ನನ್ನ ಫೋನಿನಲ್ಲಿ ಅದನ್ನು ನನ್ನ ಹೆಂಡತಿ ಗಿರಿಜಾ ಬಂದ್ ಮಾಡಿಸಿ ಬಹಳ ದಿನವಾಯಿತು. ಆದರೆ ಬಾಜೂ ಅಂಗಡಿಯವನ ಫೋನಿಗೂ ಅದೇ ಸದ್ದು ಇದೆ. ಅವನಿಗೆ ದಿನಕ್ಕೆ ನೂರು ಸಲ ಯಾರಾದರೂ ಏನಾದರೂ ಕಳಿಸುತ್ತಲೇ ಇರುತ್ತಾರೆ. ನನಗೆ ದಿನಕ್ಕೆ ನೂರು ಸಲ ಎದೆ ಧಸಕ್ಕೆನ್ನುತ್ತದೆ.

ಬೈಲಹೊಂಗಲದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಚಷ್ಮಾ ಅಂಗಡಿ. ಚಷ್ಮಾ ಮಾರುವವನಿಗೆ ಮಾತು ಜಾಸ್ತಿ. ಗಿರಾಕಿಗಳು ಕನ್ನಡಿಯ ಮುಂದೆ ಹತ್ತು ಫ್ರೇಮು ಹಾಕಿ ತೆಗೆದು ಮಾಡುವಾಗ ಅವರ ಬೇಸರ ಕಳೆಯಲು ಏನಾದರೊಂದು ಹೇಳುತ್ತಲೇ ಇರಬೇಕು. ಒಮ್ಮೆ ಕಿತ್ತೂರಿನಿಂದ ಬಂದಿದ್ದ ಒಬ್ಬ ಶಿಕ್ಷಕಿ ನನ್ನ ಮಾತು ಕೇಳಿ, "ಇದನ್ನೆಲ್ಲಾ ಬರೀಬಾರದೇನ್ರಿ? ಎಷ್ಟು ಚಂದ ಹೇಳ್ತೀರಿ" ಎಂದರು. ಯಾರು ಬೇಕಾದರೂ ಬರೆದು ಹಾಕಬಹುದಾದ ಕನ್ನಡದ ಬ್ಲಾಗ್ ತಾಣವೊಂದಿದೆ ಎಂದು ಹೇಳಿ, ನನ್ನ ಫೋನು ಇಸಿದುಕೊಂಡು ಅದರ ಆ್ಯಪ್ ಹಾಕಿಯೂ ಕೊಟ್ಟರು. ಕಿತ್ತೂರಿನ ಬಸ್ಸಿಗೆ ಇನ್ನೂ ಅರ್ಧ ತಾಸು ಇತ್ತು, ಹೊರಗೆ ಬಿಸಿಲಿತ್ತು, ಅಂಗಡಿಯಲ್ಲಿ ಫ್ಯಾನಿತ್ತು. ಅವರು ನನ್ನ ಮಾತು ಕೇಳುತ್ತ ಕುಳಿತದ್ದಕ್ಕೆ ಇವೂ ಕಾರಣವಿರಬಹುದೆಂದು ಆಗ ನನಗೆ ಹೊಳೆಯಲಿಲ್ಲ. ನನ್ನೊಳಗೊಬ್ಬ ಲೇಖಕ ಇದ್ದಾನೆಂದು ಐವತ್ತೆರಡನೆಯ ವಯಸ್ಸಿನಲ್ಲಿ ಗೊತ್ತಾಯಿತಲ್ಲ ಎಂದು ಹಿಗ್ಗಿದೆ.

ಮೊದಲ ಬರಹ ಮೂಗುಗಳ ಬಗ್ಗೆ. ಎಷ್ಟು ತರಹದ ಮೂಗು, ಯಾವುದರ ಮೇಲೆ ಚಷ್ಮಾ ನಿಲ್ಲುತ್ತದೆ, ಯಾವುದರಿಂದ ಜಾರುತ್ತದೆ ಎಂಬುದು. ಹನ್ನೊಂದು ಜನ ಓದಿದ್ದಾರೆಂದು ಪರದೆಯ ಮೂಲೆಯಲ್ಲಿ ತೋರಿಸಿತು. ಆ ಹನ್ನೊಂದರಲ್ಲಿ ನಾಲ್ಕು ಸಲ ಓದಿದವನು ನಾನೇ. ಒಂದು ಸಲ ಗಿರಿಜಾ, ಅದೂ ನಾನು ಎದುರಿಗೆ ನಿಂತಿದ್ದಾಗ. ಉಳಿದ ಆರು ಜನ ಯಾರೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಓದುಗರಿಗಾಗಿ ಹಂಬಲಿಸುವ ಈ ಚಟ ನನಗೆ ಹೊಸತೇನಲ್ಲ. ನೇಸರಗಿಯ ಸಾಲೆಯಲ್ಲಿ ಓದುವಾಗ ನಮ್ಮ ಗುರುಗಳು ಒಂದು ಗೋಡೆ ಪತ್ರಿಕೆ ಮಾಡಿಸಿದ್ದರು. ದೊಡ್ಡ ಹಾಳೆಯ ಮೇಲೆ ಹುಡುಗರ ಬರಹಗಳನ್ನು ಅಂಟಿಸಿ ವರಾಂಡದ ಗೋಡೆಗೆ ಹಚ್ಚುತ್ತಿದ್ದರು. ನಾನೊಂದು ಭೂತದ ಕತೆ ಬರೆದೆ. ಬರೆದು, ಕಂಬದ ಹಿಂದೆ ನಿಂತು ಯಾರು ಓದುತ್ತಾರೆಂದು ಕಾಯುತ್ತಿದ್ದೆ. ಎಲ್ಲರೂ ಅದರ ಮುಂದೆ ನಿಂತು ಬಾಜೂ ಗಡಿಯಾರದಲ್ಲಿ ಗಂಟೆ ನೋಡಿ ಮುಂದೆ ಹೋಗುತ್ತಿದ್ದರು. ಮೂರನೆಯ ದಿನ ನನ್ನ ಗೆಳೆಯ ರಾಜೇಸಾಬ ನನ್ನ ಮಾರಿ ನೋಡಿ ಎಲ್ಲ ಅರ್ಥ ಮಾಡಿಕೊಂಡ. ಊಟದ ಬಿಡುವಿನಲ್ಲಿ ಗೋಡೆಯ ಮುಂದೆ ನಿಂತು, "ಏ ಬರ್ರೋ, ಇಲ್ಲೆ ಭೂತ ಬಂದೈತಿ!" ಎಂದು ಕೂಗಿದ. ನಲವತ್ತು ಹುಡುಗರು ಓಡಿಬಂದರು. ಅವರೆಲ್ಲರಿಗೆ ಕೇಳುವಂತೆ ಅವನು ನನ್ನ ಕತೆಯನ್ನು ಗಟ್ಟಿಯಾಗಿ ಓದಿದ. ಅವನನ್ನು ನಾವೆಲ್ಲ ರಾಜಾ ಎನ್ನುತ್ತಿದ್ದೆವು. ನನ್ನ ಬರಹಕ್ಕೆ ಮೊಟ್ಟಮೊದಲು ಜನ ಕೂಡಿಸಿದವನು ಅವನು.

ಬ್ಲಾಗಿನಲ್ಲಿ ಹಾಗೆ ಕೂಗುವವರು ಯಾರೂ ಇರಲಿಲ್ಲ. ನಾನೇ ಕೂಗಬೇಕಾಗಿತ್ತು. ಹೊಸಬರು ಏನು ಮಾಡಬೇಕೆಂದು ಅಲ್ಲಿಯೇ ಒಬ್ಬರು ಬರೆದಿದ್ದರು. ದಿನಾ ಒಂದೇ ಹೊತ್ತಿಗೆ ಬರೆದು ಹಾಕಿ, ಬೇರೆಯವರ ಬರಹ ಓದಿ ಮೆಚ್ಚುಗೆ ತಿಳಿಸಿ, ಆಗ ಅವರೂ ನಿಮ್ಮಲ್ಲಿಗೆ ಬರುತ್ತಾರೆ ಎಂದು. ನಾನು ಇನ್ನೂರು ಜನರ ಬೆನ್ನುಹತ್ತಿದೆ. ಓದುವುದಕ್ಕೆ ಪುರುಸೊತ್ತು ಎಲ್ಲಿ? ಎಲ್ಲರ ಬರಹದ ಕೆಳಗೂ 'ಸೂಪರ್ ಸರ್, ಹೀಗೇ ಮುಂದುವರಿಯಲಿ' ಎಂದು ಹಾಕುತ್ತ ಹೋದೆ. ಅವುಗಳಲ್ಲೊಂದು, ಒಬ್ಬರು ತಮ್ಮ ತಂದೆ ತೀರಿಕೊಂಡ ಸುದ್ದಿಯನ್ನು ಬರೆದದ್ದಾಗಿತ್ತು. ಅವರು ನನಗೆ ಉತ್ತರಿಸಲಿಲ್ಲ. ನಾನೂ ಆ ಕಡೆ ಮತ್ತೆ ಹೋಗಲಿಲ್ಲ.

"ಏನ್ರಿ, ಗಿರಾಕಿ ನಿಂತಾರ. ಮೊದಲ ಆ ಫೋನ್ ಇಡ್ರಿ" ಎಂದು ಗಿರಿಜಾ ದಿನಕ್ಕೆ ಹತ್ತು ಸಲ ಅನ್ನುವಂತಾಯಿತು. ಒಂದು ದಿನ ಫೋನು ನೋಡುತ್ತಲೇ ಒಬ್ಬ ಅಜ್ಜನ ಚಷ್ಮಾ ಇನ್ನೊಬ್ಬ ಅಜ್ಜನಿಗೆ ಕೊಟ್ಟೆ. ಅವರಿಬ್ಬರೂ ನಾಲ್ಕು ದಿನ ಅದನ್ನೇ ಹಾಕಿಕೊಂಡು ತಿರುಗಾಡಿ, ತಮ್ಮ ಕಣ್ಣೇ ಕೆಟ್ಟವೆಂದು ಅಳುಮುಖ ಮಾಡಿಕೊಂಡು ಬಂದರು.

ಐದು ತಿಂಗಳಾದರೂ ನನ್ನ ಹಿಂಬಾಲಕರು ಅರವತ್ತಮೂರಕ್ಕಿಂತ ಮೇಲೆ ಏರಲಿಲ್ಲ. ನನ್ನ ಜೊತೆಗೇ ಶುರು ಮಾಡಿದವರಿಗೆ ಸಾವಿರಾರು ಜನ ಇದ್ದರು. ಅವರ ಬರಹಗಳನ್ನು ಆಗ ನಿಜವಾಗಿ ಓದಿದೆ. ಒಂದು ಸಂಗತಿ ಕಣ್ಣಿಗೆ ಬಿತ್ತು. ಕೊನೆಗೆ ಯಾರಾದರೂ ಸತ್ತಿದ್ದರೆ ಆ ಬರಹಕ್ಕೆ ಓದುಗರು ಮುಗಿಬೀಳುತ್ತಿದ್ದರು. 'ಕಣ್ಣೀರು ತಡೆಯಲಾಗಲಿಲ್ಲ ಸರ್' ಎಂದು ಸಾಲುಸಾಲು ಕಮೆಂಟು. ನನ್ನ ಬರಹಗಳಲ್ಲಿ ಎಲ್ಲರೂ ಬದುಕಿಯೇ ಇರುತ್ತಿದ್ದರು.

ಅದಾದ ಕೆಲವು ದಿನಕ್ಕೆ ನಾನು ರಾಜಾನ ಬಗ್ಗೆ ಬರೆದೆ.

ನಾವು ಎಂಟನೆಯ ಇಯತ್ತೆ ಮುಗಿಸಿದ ಬೇಸಿಗೆ ಅದು. ಊರ ಹೊರಗೆ ಒಂದು ಕಟ್ಟಿದ ಬಾವಿ ಇತ್ತು. ಒಣಗಿದ ಕತ್ತಾಳೆಯ ಬೆಂಡನ್ನು ಬೆನ್ನಿಗೆ ಕಟ್ಟಿಕೊಂಡು ಅದರಲ್ಲಿ ಈಜು ಕಲಿಯುತ್ತಿದ್ದೆವು. ರಾಜಾ ಎಂಟೇ ದಿನದಲ್ಲಿ ಬೆಂಡು ಬಿಚ್ಚಿ ಒಗೆದ. ನಾನು ಬೆಂಡಿಲ್ಲದೆ ಮೆಟ್ಟಿಲು ಸಹ ಇಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ನೀರಿನ ನಟ್ಟನಡುವೆ ಬೆಂಡಿನ ಹಗ್ಗ ಬಿಚ್ಚಿತು. ಹಸಿರು ನೀರು ಮೂಗಿನೊಳಗೆ ನುಗ್ಗಿದ್ದು, ಕಿವಿಯಲ್ಲಿ ಗುಂಯ್ ಎಂದದ್ದು ನೆನಪಿದೆ. ಆಮೇಲೆ ಯಾರೋ ನನ್ನ ಕೂದಲು ಹಿಡಿದು ಎಳೆದರು. ನಾನು ಅವನನ್ನು ತಬ್ಬಿಕೊಂಡು ಇಬ್ಬರೂ ಮುಳುಗುವ ಹಾಗೆ ಮಾಡಿದೆನಂತೆ. ಅವನು ನನ್ನ ಗಲ್ಲಕ್ಕೆ ಎರಡು ಬಾರಿಸಿ, ಕೂದಲು ಬಿಡದೆ ಮೆಟ್ಟಿಲಿಗೆ ತಂದು ಹಾಕಿದ. ಅಂದು ಬಾವಿಯಲ್ಲಿ ನಮ್ಮಿಬ್ಬರ ಹೊರತು ಮತ್ತಾರೂ ಇರಲಿಲ್ಲ.

ಇಷ್ಟನ್ನು ನಡೆದಂತೆಯೇ ಬರೆದೆ. ಅದರ ಮುಂದಿನದನ್ನು ಬರೆಯಲಿಲ್ಲ. ಒದ್ದೆ ಚಡ್ಡಿಯಲ್ಲಿ ಮನೆಗೆ ಹೋದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದ. ಬಾವಿಗೆ ಹೋಗಬಾರದೆಂದು ಅವನ ಕಟ್ಟಪ್ಪಣೆ ಇತ್ತು. ಹೆದರಿಕೆಯಿಂದ ನನ್ನ ಬಾಯಿಗೆ ಬಂದದ್ದು, "ನಾ ದಂಡಿಗೆ ನಿಂತಿದ್ನೆಪಾ, ರಾಜ್ಯಾ ದೂಡಿದ" ಎಂಬ ಮಾತು. ಅಪ್ಪ ಅವರ ಮನೆಗೆ ಹೋಗಿ ಹೇಳಿದ. ರಾಜಾನ ತಂದೆ ಅವನನ್ನು ಓಣಿಯ ನಡುವೆ ಎಳೆದು ಹೊಡೆದರು. ನಾನು ಕಿಡಕಿಯಿಂದ ನೋಡುತ್ತಿದ್ದೆ. ರಾಜಾ ಒಂದು ಮಾತೂ ಆಡಲಿಲ್ಲ. ಮರುದಿನ ಎಂದಿನಂತೆ ಬಂದು ನನ್ನ ಬಾಜೂ ಕುಳಿತ. ನಾನೇ ಅವನಿಂದ ಮೆಲ್ಲಗೆ ದೂರ ಸರಿದೆ. ಮುಂದೆ ಅವರ ಕುಟುಂಬ ಸವದತ್ತಿಗೆ ಹೋಯಿತು. ಅವನ ಮದುವೆಗೆ ಕರೆ ಬಂದಿತ್ತು. ಹೋಗಲಿಲ್ಲ. ಬೈಲಹೊಂಗಲದಿಂದ ಸವದತ್ತಿಗೆ ಇರುವುದು ಒಂದೇ ತಾಸಿನ ದಾರಿ.

ಬರಹದ ಕೊನೆಗೆ, 'ರಾಜಾ ಈಗ ಸವದತ್ತಿಯಲ್ಲಿದ್ದಾನೆ, ಲಾರಿ ಓಡಿಸುತ್ತಾನಂತೆ, ಎಂದಾದರೂ ಹೋಗಿ ಭೇಟಿಯಾಗಬೇಕು' ಎಂದಿತ್ತು. ಮಧ್ಯಾಹ್ನದ ಹೊತ್ತು, ಅಂಗಡಿಯಲ್ಲಿ ಯಾರೂ ಇರಲಿಲ್ಲ. ಎರಡು ಸಲ ಓದಿದೆ. ಸಪ್ಪೆ ಎನ್ನಿಸಿತು. ಆ ಸಾಲು ಅಳಿಸಿ, 'ಹೋದ ವರ್ಷ ಘಟ್ಟದಲ್ಲಿ ಲಾರಿ ಉರುಳಿ ರಾಜಾ ಹೋದ. ನನ್ನನ್ನು ಮೇಲೆತ್ತಿದ ಆ ಕೈಯನ್ನು ಹಿಡಿದು ಎತ್ತುವವರು ಅಲ್ಲಿ ಯಾರೂ ಇರಲಿಲ್ಲ' ಎಂದು ಬರೆದೆ. ಓದಿದಾಗ ನನ್ನ ಕಣ್ಣಲ್ಲೇ ನೀರು ಬಂತು. ಒಂದು ತಿದ್ದುಪಡಿ ಮಾತ್ರ ಮಾಡಿದೆ. 'ಹೋದ ವರ್ಷ' ಎಂದರೆ ದುಃಖ ಹಳತಾಗಿರುತ್ತದೆ, 'ಮೊನ್ನೆ' ಎಂದರೆ ಹಸಿಯಾಗಿರುತ್ತದೆ. 'ಮೊನ್ನೆ' ಎಂದು ಹಾಕಿ, ಗುಂಡಿ ಒತ್ತಿದೆ.

ಸಂಜೆಯ ಹೊತ್ತಿಗೆ ಫೋನು ನಿಲ್ಲದೆ ಟಣ್ ಟಣ್ ಅನ್ನತೊಡಗಿತು. ಮರುದಿನ ಬೆಳಿಗ್ಗೆ ನೋಡಿದರೆ ಹತ್ತು ಸಾವಿರ ಜನ ಓದಿದ್ದರು, ಹಿಂಬಾಲಕರು ಎರಡು ಸಾವಿರ ದಾಟಿದ್ದರು. ಚಹಾ ಕುಡಿಯುತ್ತ ನಾನು ಗಿರಿಜಾಳಿಗೆ ಸಂಖ್ಯೆಗಳನ್ನು ಓದಿ ಹೇಳಿದೆ. ಏನು ಬರೆದಿದ್ದೇನೆಂದು ಅವಳು ಕೇಳಿದಾಗ, "ಸಣ್ಣಂದಿನ ದೋಸ್ತನ ಸುದ್ದಿ" ಎಂದಷ್ಟೇ ಹೇಳಿದೆ. 'ಅವರ ಮನೆಯವರ ವಿಳಾಸ ತಿಳಿಸಿ, ಮಕ್ಕಳ ಓದಿಗೆ ನೆರವಾಗುತ್ತೇವೆ' ಎಂದು ಯಾರೋ ಕೇಳಿದ್ದರು. ನನಗೆ ಮೊದಲ ಸಲ ಬೆವರಿತು. ಆದರೂ, 'ಅವರು ಪ್ರಚಾರ ಬಯಸುವುದಿಲ್ಲ' ಎಂದು ಉತ್ತರ ಬರೆದೆ. ಆ ಉತ್ತರಕ್ಕೇ ಮುನ್ನೂರು ಜನ ಮೆಚ್ಚುಗೆ ಹಾಕಿದರು.

ಅಂಗಡಿ ತೆರೆದು ಧೂಳು ಝಾಡಿಸುತ್ತಿರುವಾಗ ಈರಪ್ಪನ ಫೋನು ಬಂತು. ಈರಪ್ಪ ನಮ್ಮ ಸಾಲೆಯವನೇ, ನೇಸರಗಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ.

"ಬಸ್ಯಾ, ರಾಜ್ಯಾ ಹ್ವಾದ್ನಂತಲ್ಲೋ! ನಿನ್ನ ಲೇಖನ ಓದೇ ಗೊತ್ತಾತು ನೋಡಪಾ. ನಮ್ಮ ಸಾಲಿ ಹುಡುಗರ ಗ್ರೂಪಿಗೆಲ್ಲ ಹಾಕೀನಿ."

ಅಲ್ಲಿಯೇ ಹೇಳಬಹುದಾಗಿತ್ತು. ಸುಳ್ಳೋ ಮಾರಾಯಾ, ಬರೆಯುವ ಭರದಲ್ಲಿ ಹಾಗೆ ಬರೆದೆ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಈರಪ್ಪನ ದನಿ ಒಡೆದಿತ್ತು. ಎಷ್ಟು ಚಂದ ಬರೆದಿದ್ದೀ ಎಂದು ಅವನು ಎರಡು ಸಲ ಹೇಳಿದ್ದ. "ಹೂಂ, ಹಂಗ ಕೇಳೇನಿ" ಎಂದೆ.

ಅರ್ಧ ತಾಸಿಗೆ ಮತ್ತೆ ಅವನೇ ಮಾಡಿದ.

"ಸವದತ್ತ್ಯಾಗ ಅವರ ಮನಿಗೆ ಫೋನ್ ಹಚ್ಚಿದ್ನೋ. ಅವರಿಗೆ ಸುದ್ದೀನ ಮುಟ್ಟಿದ್ದಿಲ್ಲ! ಅವ ನಾಲ್ಕ ದಿನದ ಹಿಂದ ಗಾಡಿ ತಗೊಂಡು ನಾಗಪುರದ ಕಡೆ ಹೋಗ್ಯಾನಂತ. ಮೊನ್ನಿಯಿಂದ ಅವನ ಫೋನ್ ಹತ್ತವಲ್ದಂತ. ನಾ ಹೇಳಿದ ಕೂಡ್ಲೇ ಅವನ ಹೆಂಡ್ತಿ ಅಲ್ಲೇ ಬಿದ್ಲಂತೋ."

ನಾನು ಸ್ಟೂಲಿನ ಮೇಲೆ ಕುಳಿತೆ. "ಈರಪ್ಪಾ, ಅದು ಸುಳ್ಳೋ. ನಾ ಸುಮ್ನ ಕತಿ ಕಟ್ಟಿ ಬರ್ದಿದ್ದು" ಎಂದೆ.

ಅವನು, "ಅವರ ಸಮಾಧಾನಕ್ಕ ಹಿಂಗ ಹೇಳಾಕತ್ತೀಯೇನು? ಆ ಹೆಣ್ಮಗಳಿಗೆ ಹಂಗ ಹೇಳು ಅಂದ್ರ ಹೇಳತೇನಿ, ಖರೆ. ಆದ್ರ ಎಷ್ಟೊತ್ತು ಮುಚ್ಚಿಡಾಕ ಆಗತೈತೋ?" ಎಂದ. ನಾನು ಆಣೆ ಮಾಡಿದೆ. ಅವನು ನಂಬಲಿಲ್ಲ. ಬರೆದದ್ದನ್ನು ನಂಬಿದ್ದ, ಬಾಯಿಯಿಂದ ಹೇಳಿದ್ದನ್ನು ನಂಬಲಿಲ್ಲ.

ಗಿರಿಜಾ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಬಂದು ನನ್ನ ಕೈಯಿಂದ ಫೋನು ತೆಗೆದುಕೊಂಡು ಆ ಬರಹವನ್ನು ನಿಂತಲ್ಲೇ ಓದಿದಳು.

"ಅಳಿಸಿಬಿಡತೇನಿ ತಾ" ಎಂದೆ.

"ಅಳಿಸಿದ್ರ ಓದಿದವರ ತಲ್ಯಾಗಿಂದ ಹೋಗತೈತೇನು? ಮೊದಲ ಬಸ್ ಹತ್ರಿ. ಆ ಮನ್ಯಾಗ ನಿಂತು, ನಿಮ್ಮ ಬಾಯಿಂದ ಹೇಳ್ರಿ."

ಅಂದು ಶುಕ್ರವಾರ. ಸವದತ್ತಿಯ ಬಸ್ಸು ದೇವಿಯ ಗುಡ್ಡಕ್ಕೆ ಹೋಗುವವರಿಂದ ತುಂಬಿತ್ತು. ಬುತ್ತಿಯ ಗಂಟು, ಭಂಡಾರದ ಚೀಲಗಳ ನಡುವೆ ಒಂದೇ ಕಾಲ ಮೇಲೆ ನಿಂತೆ. ದಾರಿಯುದ್ದಕ್ಕೂ ಒಂದೇ ಯೋಚನೆ ತಲೆ ತಿನ್ನುತ್ತಿತ್ತು. ಮೊನ್ನೆಯಿಂದ ಅವನ ಫೋನು ಹತ್ತುತ್ತಿಲ್ಲ. ನಾನೂ 'ಮೊನ್ನೆ' ಎಂದೇ ಬರೆದಿದ್ದೆ. ಸುಮ್ಮನೆ ಬರೆದದ್ದು ಎಲ್ಲೋ ಒಂದು ಘಟ್ಟದಲ್ಲಿ ನಿಜವಾಗಿಯೇ ನಡೆದಿದ್ದರೆ? ಹಾಗೆ ಆಗುವುದಿಲ್ಲವೆಂದು ಬುದ್ಧಿ ಹೇಳುತ್ತಿತ್ತು, ಹೆದರಿಕೆ ಮಾತ್ರ ಹೋಗಲಿಲ್ಲ. ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಅಷ್ಟೆಲ್ಲ ಹೆದರಿಕೆಯ ನಡುವೆಯೂ ನಾನು ಆ ಬಸ್ಸಿನಲ್ಲಿ ಎರಡು ಸಲ ಫೋನು ತೆಗೆದು ಎಷ್ಟು ಜನ ಓದಿದ್ದಾರೆಂದು ನೋಡಿದೆ. ಹದಿನಾಲ್ಕು ಸಾವಿರ ಆಗಿತ್ತು.

ರಾಜಾನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲ ಹೊರಗೆ ಇಪ್ಪತ್ತು ಮೂವತ್ತು ಜೋಡು ಚಪ್ಪಲಿ ಬಿದ್ದಿದ್ದವು. ಒಳಗೆ ಹೆಂಗಸರ ಸಣ್ಣ ದನಿಗಳು. ಅಂಗಳದಲ್ಲಿ ಖಾಕಿ ಅಂಗಿಯ ಆಟೋ ಡ್ರೈವರನೊಬ್ಬ ಫೋನಿನಲ್ಲಿ ಯಾರೊಂದಿಗೋ ಜೋರಾಗಿ ಮಾತನಾಡುತ್ತಿದ್ದ. ರಾಜಾನ ಹೆಂಡತಿಯ ತಮ್ಮ ಎಂದು ಆಮೇಲೆ ಗೊತ್ತಾಯಿತು.

"ನಾ ಬೈಲಹೊಂಗಲದ ಬಸವರಾಜ" ಎಂದೆ.

ಆ ಹೆಸರು ಕೇಳಿ ಒಳಗಿನಿಂದ ಒಬ್ಬ ಹೆಂಗಸು ಗೋಡೆ ಹಿಡಿದುಕೊಂಡು ಬಂದಳು. ರಾಜಾನ ಹೆಂಡತಿ ಹಸೀನಾ. ಅತ್ತು ಕಣ್ಣು ಕೆಂಪಾಗಿದ್ದವು. ನನ್ನ ಎರಡೂ ಕೈ ಹಿಡಿದು, "ಎಲ್ಲಾತ್ರಿ ಅಣ್ಣಾರ? ಯಾವ ಘಟ್ಟ? ನೀವು ಮಾರಿ ನೋಡಿದ್ರೇನ್ರಿ?" ಎಂದು ಕೇಳಿದಳು.

"ಏನೂ ಆಗಿಲ್ಲವಾ. ಅದು ಸುಳ್ಳು. ಓದವರಿಗೆ ಹಿಡಸಲಿ ಅಂತ ನಾನ ಕಟ್ಟಿ ಬರ್ದಿದ್ದು."

ಅವಳಿಗೆ ತಿಳಿಯಲಿಲ್ಲ. ತಮ್ಮನ ಕಡೆ ನೋಡಿದಳು. ಅವನು ಹತ್ತಿರ ಬಂದ.

"ಕಟ್ಟಿ ಬರ್ದಿದ್ದು ಅಂದ್ರ?"

"ನಡದಿದ್ದಲ್ಲ. ಮನಸಿನಾಗಿಂದ..."

"ಅಂದ್ರ ನಮ್ಮ ಭಾವಾ ಬದಕ್ಯಾರಂತ ನಿಮಗ ಗೊತ್ತೈತಿ?"

ನಾನು ಬಾಯಿ ತೆರೆದೆ. ಗೊತ್ತಿದೆ ಎಂದು ಹೇಳಬೇಕೆನ್ನಿಸಿತು. "ಗೊತ್ತಿಲ್ಲ" ಎಂದೆ.

"ಸತ್ತಾರಂತನೂ ಗೊತ್ತಿರಲಿಲ್ಲ, ಬದಕ್ಯಾರಂತನೂ ಗೊತ್ತಿಲ್ಲ. ಹಂಗಾದ್ರ ಏನ್ ತಿಳದು ಬರದ್ರಿ?" ಅವನು ನನ್ನ ಅಂಗಿಯ ಕಾಲರಿಗೆ ಕೈ ಹಾಕಿದ. ಹಸೀನಾ "ಬಿಡು" ಎಂದಳು. ಅವನು ಬಿಟ್ಟ, ಆದರೆ ನನ್ನ ಎದುರಿನಿಂದ ಕದಲಲಿಲ್ಲ.

ಲಾರಿಯ ಮಾಲಕ ರಾಮದುರ್ಗದವನು. ಅವನಿಗೆ ಆಗಲೇ ಫೋನು ಮಾಡಿದ್ದರು. ನಾಗಪುರದಲ್ಲಿ ಮಾಲು ಇಳಿಸಬೇಕಾದ ಗೋದಾಮಿಗೆ ಕೇಳಿ ತಿಳಿಸುತ್ತೇನೆ ಎಂದಿದ್ದನಂತೆ. ಕಾಯುವುದೊಂದೇ ಉಳಿದಿತ್ತು. ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತೆ. ಹೋಗು ಎಂದು ಯಾರೂ ಹೇಳಲಿಲ್ಲ, ಕೂಡು ಎಂದೂ ಯಾರೂ ಹೇಳಲಿಲ್ಲ. ಹೊಸದಾಗಿ ಬಂದವರು ನನ್ನನ್ನೂ ದುಃಖಕ್ಕೆ ಬಂದವನೆಂದು ತಿಳಿದು, ತಲೆಯಾಡಿಸಿ ಒಳಗೆ ಹೋಗುತ್ತಿದ್ದರು.

ಒಂದು ತಾಸಿನ ಮೇಲೆ ರಾಜಾನ ಮಗಳು ಹೊರಗೆ ಬಂದಳು. ಶಬಾನಾ ಎಂದು ಹೆಸರು, ಕಾಲೇಜಿಗೆ ಹೋಗುವ ಹುಡುಗಿ. ನನ್ನ ಬರಹವನ್ನು ಫೋನಿನಲ್ಲಿ ತೆರೆದು, ನನ್ನಿಂದ ಎರಡು ಮೊಳ ದೂರ ನಿಂತು ಮೊದಲಿನಿಂದ ಕೊನೆಯವರೆಗೆ ಓದಿದಳು. ಹಾಗೆ ನನ್ನೆದುರಿಗೆ ನಿಂತು, ಒಂದು ಅಕ್ಷರವೂ ಬಿಡದೆ ಓದಿದ ಓದುಗರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನೆಲ ಬಾಯಿಬಿಡಬಾರದೇ ಎನ್ನಿಸಿತು.

"ಬಾವಿ ಸುದ್ದಿ ಖರೆ ಐತೇನ್ರಿ ಕಾಕಾ?"

"ಖರೆ ಐತಿ."

"ನಮ್ಮ ಅಬ್ಬಾ ಇದನ್ನ ಒಮ್ಮಿನೂ ಹೇಳಿಲ್ಲ."

ಅವಳ ಕಣ್ಣು ನನ್ನ ಮೇಲೆಯೇ ಇತ್ತು. ನಲವತ್ತು ವರ್ಷ ಯಾರ ಮುಂದೆಯೂ, ಗಿರಿಜಾಳ ಮುಂದೆಯೂ ಆಡದ ಮಾತನ್ನು ಆ ಹುಡುಗಿಯ ಮುಂದೆ ಹೇಳಿದೆ. ಅವನೇ ದೂಡಿದನೆಂದು ಸುಳ್ಳು ಹೇಳಿದ್ದು, ಅವನಿಗೆ ಓಣಿಯಲ್ಲಿ ಏಟು ಬಿದ್ದದ್ದು, ಕಿಡಕಿಯಿಂದ ನೋಡಿದ್ದು. ಅವಳು ಬೈಯುತ್ತಾಳೆಂದುಕೊಂಡೆ. ಅವಳು ತನ್ನ ಓಢಣಿಯಿಂದ ಮುಖ ಒರೆಸಿಕೊಂಡು, "ಇದನ್ನ ಯಾಕ ಬರೀಲಿಲ್ರಿ?" ಎಂದಳು.

"ಧೈರ್ಯ ಆಗಲಿಲ್ಲವಾ."

"ಈಗ ಬರೀರಿ. ಎಲ್ಲಾರೂ ಓದಿದ ಜಾಗಾದಾಗ."

"ನಿಮ್ಮ ಅಬ್ಬಾನ ಫೋನ್ ಬರಲಿ, ಆಮ್ಯಾಲೆ..."

"ಫೋನ್ ಬಂದ್ರೂ ಬರೀಬೇಕು, ಬರದಿದ್ರೂ ಬರೀಬೇಕು. ಈಗ ಬರೀರಿ."

ಕಟ್ಟೆಯ ಮೇಲೆ ಕುಳಿತು ಬರೆದೆ. ಅವಳು ನನ್ನ ಹೆಗಲ ಹಿಂದೆ ನಿಂತಿದ್ದಳು. ಎರಡೆರಡು ದಿನ ಕುಳಿತು ಚಂದದ ಪದ ಹುಡುಕುತ್ತಿದ್ದ ನನಗೆ ಅಂದು ಒಂದೂ ಚಂದದ ಪದ ಸಿಗಲಿಲ್ಲ. 'ನನ್ನ ಗೆಳೆಯ ಸತ್ತನೆಂದು ನಾನು ಬರೆದದ್ದು ಸುಳ್ಳು. ಓದುಗರು ಸಿಗಲೆಂದು ಹಾಗೆ ಬರೆದೆ. ಈಗ ಅವನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೇನೆ. ಒಳಗೆ ಅವನ ಹೆಂಡತಿ ಅಳುತ್ತಿದ್ದಾಳೆ. ಅವನು ಎಲ್ಲಿದ್ದಾನೆಂದು ನನಗೆ ಗೊತ್ತಿಲ್ಲ.' ಅದರ ಕೆಳಗೆ ಬಾವಿಯಿಂದ ಮನೆಗೆ ಬಂದ ಮೇಲಿನದೆಲ್ಲವನ್ನೂ ಬರೆದೆ. ಅವಳು ಒಂದು ಕಡೆ, "ಇಲ್ಲೆ 'ಬಾಯಿ ತಪ್ಪಿ' ಅಂತ ಬರ್ದೀರಿ, ತೆಗೀರಿ" ಎಂದಳು. ತೆಗೆದೆ. ಅದನ್ನು ಹಾಕಿ, ಹಳೆಯ ಬರಹದ ನೆತ್ತಿಯ ಮೇಲೂ 'ಇದು ಸುಳ್ಳು' ಎಂದು ಸೇರಿಸಿದೆ. ಒಂದು ನಿಮಿಷದಲ್ಲಿ ಟಣ್ ಎಂದಿತು. 'ನೀವು ಮನುಷ್ಯರೇ?' ಎಂದು ಯಾರೋ ಕೇಳಿದ್ದರು.

ಇಳಿಹೊತ್ತಿನ ಅಸರ್ ನಮಾಜಿನ ವೇಳೆಗೆ ಹಸೀನಾಳ ಫೋನು ರಿಂಗಾಯಿತು. ಗುರುತಿಲ್ಲದ ನಂಬರು. ಅವಳು ಫೋನನ್ನು ಕಿವಿಗೆ ಹಿಡಿದಳು. ಆ ಕಡೆಯ ದನಿ ಹಲೋ ಹಲೋ ಎನ್ನುವುದು ಬಾಗಿಲಲ್ಲಿ ನಿಂತ ನನಗೂ ಕೇಳಿಸಿತು. ಆಮೇಲೆ ಅವಳು ಅಳುತ್ತ ತಮ್ಮ ಮನೆಮಾತಿನಲ್ಲಿ ಬೈಯತೊಡಗಿದಳು. ಮಾತು ಪೂರ್ತಿ ತಿಳಿಯದಿದ್ದರೂ, ಸತ್ತವರನ್ನು ಯಾರೂ ಹಾಗೆ ಬೈಯುವುದಿಲ್ಲವೆಂದು ತಿಳಿಯಿತು.

ಆದದ್ದು ಇಷ್ಟು. ದಾರಿಯಲ್ಲಿ ಅವನ ಫೋನು ಕೈಜಾರಿ ಬಿದ್ದು, ಹಿಂದಿನ ಗಾಡಿ ಅದರ ಮೇಲೆ ಹಾಯ್ದಿತ್ತು. ಮನೆಯವರ ನಂಬರು ಅವನಿಗೆ ಬಾಯಿಪಾಠ ಇರಲಿಲ್ಲ. ಮಾಲು ಇಳಿಸಲು ಸರದಿಯಲ್ಲಿ ನಿಂತಿದ್ದಾಗ, ಗೋದಾಮಿನವರು ಮಾಲಕನಿಂದ ನಂಬರು ತೆಗೆದುಕೊಂಡು ಅವನ ಕೈಗೆ ಫೋನು ಕೊಟ್ಟಿದ್ದರು.

ಹಸೀನಾ ನನ್ನ ಕಡೆ ಫೋನು ಚಾಚಿದಳು. "ಮಾತಾಡ್ರಿ."

"ರಾಜಾ, ನಾ ಬಸು."

ಆ ಕಡೆ ಲಾರಿಗಳ ಸದ್ದು. "ಬಸ್ಯಾ? ನಮ್ಮ ಮನ್ಯಾಗ ಏನ್ ಮಾಡಾಕತ್ತೀಯೋ?"

ಹೇಳಿದೆ. ಎಲ್ಲವನ್ನೂ ಹೇಳಿದೆ. ನಾನು ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿದ.

"ನಾ ಹೆಂಗ ಸತ್ತೆ ಅಂತ ಬರ್ದೀ?"

"ಘಟ್ಟದಾಗ. ಗಾಡಿ ಉರುಳಿ."

"ಇಪ್ಪತ್ತೆಂಟ ವರ್ಷ ಆತು ನಾ ಗಾಡಿ ಹೊಡ್ಯಾಕತ್ತು" ಎಂದ. "ಒಂದು ಕೋಳಿ ಮ್ಯಾಲೂ ಗಾಲಿ ಹಾಯ್ಸಿಲ್ಲ. ಜ್ವರಾ ಬಂದು ಸಾಯಿಸಬೇಕಿತ್ತು, ಹಾವು ಕಡಿಸಬೇಕಿತ್ತು. ನನ್ನ ಗಾಡಿ ಉರುಳಿಸಿದೆಲ್ಲೋ!" ಫೋನು ಇಟ್ಟ.

ಮುಂದಿನ ದಿನಗಳನ್ನು ನೆನೆಯಲು ನನಗೆ ಮನಸ್ಸಿಲ್ಲ. ಓದುಗರು ಬೈದರು. ಅವರು ಅತ್ತದ್ದು ನಿಜವಾದ ಕಣ್ಣೀರು, ಹಾಗಾಗಿ ಬೈದದ್ದೂ ನಿಜವಾಗಿತ್ತು. ಎರಡು ಸಾವಿರದಿಂದ ಸಂಖ್ಯೆ ದಿನದಿನವೂ ಇಳಿದು ಕಡೆಗೆ ನಲವತ್ತೊಂದಕ್ಕೆ ನಿಂತಿತು. ಈರಪ್ಪ ನನ್ನನ್ನು ಸಾಲೆಯ ಗ್ರೂಪಿನಿಂದ ತೆಗೆದುಹಾಕಿದ. ಕಿತ್ತೂರಿನ ಆ ಶಿಕ್ಷಕಿ ತಮ್ಮ ಚಷ್ಮಾದ ಕಡ್ಡಿ ಸರಿಮಾಡಿಸಲು ಬಂದವರು, ನನ್ನ ಮುಖ ನೋಡದೆ ಗಿರಿಜಾಳ ಕೈಗೆ ಕೊಟ್ಟು ಕುಳಿತರು. ಬಸ್ಸಿಗೆ ಅಂದೂ ಹೊತ್ತಿತ್ತು. ನಾನು ಒಂದು ಮಾತೂ ಆಡಲಿಲ್ಲ.

ಹದಿನೈದು ದಿನದ ಮೇಲೆ ಹಸೀನಾಳ ನಂಬರಿನಿಂದ ಫೋನು ಬಂತು. ಮಾತನಾಡಿದವನು ರಾಜಾ.

"ನಾಳೆ ಮುಂಜಾನೆ ಗೋವಾಕ್ಕ ಉಳ್ಳಾಗಡ್ಡಿ ಒಯ್ಯತೇನಿ. ಕಿತ್ತೂರ ಹೈವೇ ಮ್ಯಾಲ ನಿಂದ್ರು."

ಯಾಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹೋಗಿ ನಿಂತೆ. ಲಾರಿ ಬಂದು ನಿಂತಿತು. ರಾಜಾನ ಗಡ್ಡ ನರೆತಿತ್ತು, ಹೊಟ್ಟೆ ಬಂದಿತ್ತು. ಹುಬ್ಬು ಮಾತ್ರ ಅವೇ. "ಹತ್ತು" ಎಂದ. ಹತ್ತಿದೆ. ಮುಂದಿನ ಎರಡು ತಾಸಿನಲ್ಲಿ ಕ್ಷಮೆ ಕೇಳುವ ಮಾತನ್ನು ನಾನು ನಾಲ್ಕು ಸಲ ಶುರು ಮಾಡಿದೆ, ನಾಲ್ಕೂ ಸಲ ಅವನು ಹಾರ್ನ್ ಬಾರಿಸಿದ.

ಘಟ್ಟ ಶುರುವಾಯಿತು. ಒಂದು ಕಡೆ ಗೋಡೆಯಂತಹ ಬಂಡೆ, ಇನ್ನೊಂದು ಕಡೆ ಮರದ ತುದಿಗಳು ಕಾಲಕೆಳಗೆ. ಹಿಂದೆ ಹತ್ತು ಟನ್ ಉಳ್ಳಾಗಡ್ಡಿ ನಮ್ಮನ್ನು ದೂಡುತ್ತಿತ್ತು. ಒಂದು ತಿರುವಿನಲ್ಲಿ ಎದುರಿನಿಂದ ಬಸ್ಸೊಂದು ಅಡ್ಡಾದಿಡ್ಡಿ ನುಗ್ಗಿ ಬಂತು. ನಾನು ಕಣ್ಣು ಮುಚ್ಚಿ ಅವನ ತೋಳು ಹಿಡಿದೆ.

"ಕಣ್ಣ ತೆರಿ" ಎಂದ. "ತೆರದು ನೋಡು."

ತೆರೆದೆ. ಅವನು ಬ್ರೇಕಿನ ಮೇಲೆ ಕಾಲು ಒತ್ತಿ ಹಿಡಿದಿರಲಿಲ್ಲ. ಗೇರು ಇಳಿಸಿದ, ಗಾಡಿ ನರಳಿತು, ನಿಧಾನವಾಯಿತು. ಸ್ಟೀಯರಿಂಗನ್ನು ಎರಡು ಬೆರಳಷ್ಟು ಎಡಕ್ಕೆ ತಿರುಗಿಸಿದ. ಬಸ್ಸು ಒಂದು ಗೇಣು ಅಂತರದಲ್ಲಿ ದಾಟಿಹೋಯಿತು. ಅದರ ಕಿಡಕಿಯಲ್ಲಿ ಒಂದು ಕೂಸು ನಮ್ಮ ಕಡೆ ನೋಡಿ ಕೈ ಬೀಸಿತು. ರಾಜಾ ಕೂಡ ಕೈ ಬೀಸಿದ. ಕೆಳಗೆ ಇಳಿಯುವವರೆಗೂ ಅಂತಹ ಎಷ್ಟೋ ತಿರುವುಗಳು ಬಂದವು. ನಾನು ಒಂದರಲ್ಲೂ ಕಣ್ಣು ಮುಚ್ಚಲಿಲ್ಲ.

ಘಟ್ಟದ ಬುಡದಲ್ಲಿ ಒಂದು ಚಹಾದಂಗಡಿ. ಗಾಡಿ ನಿಲ್ಲಿಸಿ ಬೆಂಚಿನ ಮೇಲೆ ಕುಳಿತೆವು. ಅಂಗಡಿಯವನು ರಾಜಾನ ಗುರುತಿನವನೇ. ಚಹಾ, ಭಜಿ ತಂದಿಟ್ಟು, "ಇವ್ರು ಯಾರ್ರಿ ಭಾಯ್?" ಎಂದು ಕೇಳಿದ.

"ನನ್ನ ದೋಸ್ತ" ಎಂದ ರಾಜಾ. "ನನ್ನ ಕೊಂದಾಂವ ಇವನ."

ಅಂಗಡಿಯವನಿಗೂ ಆ ಸುದ್ದಿ ಮುಟ್ಟಿತ್ತೆಂದು ಕಾಣುತ್ತದೆ. ಅವನು ನಗಲಿಲ್ಲ. ಕೈಯಲ್ಲಿದ್ದ ಅರಿವೆಯನ್ನು ಹೆಗಲಿಗೆ ಹಾಕಿಕೊಂಡು, "ಯಾಕ್ರಿ ಹಂಗ ಮಾಡಿದ್ರಿ?" ಎಂದು ನನ್ನನ್ನೇ ಕೇಳಿದ. ರಾಜಾ ನನ್ನ ಮುಖ ನೋಡುತ್ತ ಕುಳಿತಿದ್ದ. ಅವನಿಗೂ ಉತ್ತರ ಬೇಕಾಗಿತ್ತು.

"ಓದವರು ಬೇಕಾಗಿದ್ರು" ಎಂದೆ.

"ಸಿಕ್ಕರೇನೋ?" ಎಂದು ರಾಜಾ ಕೇಳಿದ.

"ಸಿಕ್ಕಿದ್ರು. ಹ್ವಾದ್ರು."

ರಾಜಾ ಭಜಿಯ ತಾಟನ್ನು ನನ್ನ ಕಡೆ ಸರಿಸಿದ.

"ತಿನ್ನು" ಎಂದ. "ಆರತಾವು."